ಹೆಪ್ಪಿಗೆ ಮೊದಲು ಹಾಲು: ಮುಟ್ಟು ನಿಂತ ಮೇಲೆ ಪ್ರೊಬಯಾಟಿಕ್, ಮಾಯಿಶ್ಚರೈಸರ್, ಹಾರ್ಮೋನ್ ಕ್ರೀಮುಗಳಲ್ಲಿ ಯಾವುದು?

ಮುಟ್ಟು ನಿಂತು ಕೆಲವು ವರ್ಷಗಳಾದ ಮೇಲೆ ಯೋನಿಯಲ್ಲಿ ಉರಿ, ಒಣಗಿದ ಭಾವನೆ, ಗಂಡನೊಡನೆ ಸೇರುವಾಗ ನೋವು, ಮತ್ತೆ ಮತ್ತೆ ಉರಿಮೂತ್ರ ಎಂದು ಬಳಲುವ ಮಹಿಳೆಯರು ಈಚೆಗೆ ಔಷಧದ ಅಂಗಡಿಯಲ್ಲಿ ಮೊದಲು ಕೇಳುವುದು ಪ್ರೊಬಯಾಟಿಕ್ ಕ್ಯಾಪ್ಸೂಲನ್ನು, ಅಂದರೆ ಬದುಕಿರುವ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ತುಂಬಿದ ಕ್ಯಾಪ್ಸೂಲನ್ನು. ಕೊಡಗಿನ ಸೋಮವಾರಪೇಟೆಯ ಸೀಮೆಯಲ್ಲಿ ಇಪ್ಪತ್ತಾರು ವರ್ಷ ಔಷಧದ ಅಂಗಡಿಯಲ್ಲಿ ನಿಂತು ಕೆಲಸ ಮಾಡಿದ ನನಗೆ, ಹಾಗೆ ಕೇಳುವವರಲ್ಲಿ ಹೆಚ್ಚಿನವರಿಗೆ ಮೊದಲು ಬೇಕಾಗಿರುವುದು ಅದಲ್ಲ ಎಂಬುದು ದೃಢವಾಗಿದೆ. ಅಂಗಡಿ ಖಾಲಿಯಾಗುವವರೆಗೆ ಬಾಗಿಲ ಬಳಿ ಕೊಡೆ ಮಡಚಿಕೊಂಡು ಕಾದು, ಆಮೇಲೆ ಹತ್ತಿರ ಬಂದು, ದನಿ ತಗ್ಗಿಸಿ ಕೇಳುವ ಅವರಿಗೆ ಎರಡು ನಿಮಿಷದಲ್ಲಿ ಇದನ್ನು ಬಿಡಿಸಿ ಹೇಳುವುದು ಕಷ್ಟ. ಅಲ್ಲಿ ಹೇಳಲಾಗದೆ ಉಳಿದುದನ್ನು ಇಲ್ಲಿ ನಿಧಾನವಾಗಿ ಹೇಳುತ್ತೇನೆ: ಬಾಯಿಯಿಂದ ನುಂಗುವ ಪ್ರೊಬಯಾಟಿಕ್, ಯೋನಿಯೊಳಗೆ ಇಡುವ ಪ್ರೊಬಯಾಟಿಕ್, ಮನೆಯ ಮೊಸರು ಮತ್ತು ಇತರ ಮನೆಮದ್ದುಗಳು, ಹಾರ್ಮೋನಿಲ್ಲದ ಮಾಯಿಶ್ಚರೈಸರ್, ಕಡಿಮೆ ಪ್ರಮಾಣದ ಈಸ್ಟ್ರೋಜೆನ್ ಕ್ರೀಮು, ಇವುಗಳಲ್ಲಿ ಯಾವುದು ಯಾರಿಗೆ, ಎಷ್ಟು ದಿನಕ್ಕೆ, ಎಷ್ಟು ಭರವಸೆಯಿಂದ.

ಮಳೆಗಾಲದ ಮೊಸರು ಮತ್ತು ನಮ್ಮ ದೇಹ

ಕಕ್ಕಡದ ಮಳೆಯಲ್ಲಿ ನಮ್ಮ ಮನೆಗಳಲ್ಲಿ ಮೊಸರು ಸುಲಭವಾಗಿ ಹೆಪ್ಪುಗಟ್ಟುವುದಿಲ್ಲ. ಹಾಲನ್ನು ಉಗುರುಬೆಚ್ಚಗೆ ಮಾಡಿ, ಹೆಪ್ಪು ಬೆರೆಸಿ, ಪಾತ್ರೆಗೆ ಹಳೆಯ ಶಾಲು ಸುತ್ತಿ, ಒಲೆಯ ಬಿಸಿ ಆರದ ಮೂಲೆಯಲ್ಲಿ ಇಟ್ಟರೆ ಮಾತ್ರ ಬೆಳಗ್ಗೆ ಗಟ್ಟಿ ಮೊಸರು ಸಿಗುತ್ತದೆ. ಹೆಪ್ಪು ಎಷ್ಟೇ ಚೆನ್ನಾಗಿದ್ದರೂ ಪಾತ್ರೆಯಲ್ಲಿ ಹಾಲಿಲ್ಲದಿದ್ದರೆ ಅದು ಏನನ್ನೂ ಮಾಡಲಾರದು. ಯೋನಿಯೊಳಗಿನ ವ್ಯವಸ್ಥೆಯೂ ಬಹುಮಟ್ಟಿಗೆ ಹೀಗೆಯೇ ಇದೆ.

ಮುಟ್ಟಾಗುವ ವಯಸ್ಸಿನಲ್ಲಿ ಅಂಡಾಶಯದಿಂದ ಬರುವ ಈಸ್ಟ್ರೋಜೆನ್ ಯೋನಿಯ ಒಳಪದರವನ್ನು ದಪ್ಪವಾಗಿ, ತೇವವಾಗಿ ಇಟ್ಟಿರುತ್ತದೆ. ಆ ಪದರದ ಜೀವಕೋಶಗಳಲ್ಲಿ ಗ್ಲೈಕೋಜೆನ್ ಎಂಬ ಸಕ್ಕರೆಯ ದಾಸ್ತಾನು ತುಂಬಿಕೊಳ್ಳುತ್ತದೆ. ಈ ದಾಸ್ತಾನು ಒಡೆದು ಬರುವ ಸಕ್ಕರೆಯನ್ನು ತಿಂದು ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾಗಳು ಲ್ಯಾಕ್ಟಿಕ್ ಆಮ್ಲವನ್ನು ಮಾಡುತ್ತವೆ. ಹೀಗೆ ಅಲ್ಲಿನ ಪಿಎಚ್ 3.8ರಿಂದ 4.5ರ ನಡುವೆ, ಅಂದರೆ ಸಾಕಷ್ಟು ಹುಳಿಯಾಗಿ, ಉಳಿದು ಕರುಳಿನ ಕಡೆಯಿಂದ ಬರುವ ಸೂಕ್ಷ್ಮಜೀವಿಗಳಿಗೆ ನೆಲೆ ಸಿಗುವುದಿಲ್ಲ. ಯೋನಿಯ ಈ ಬ್ಯಾಕ್ಟೀರಿಯಾಗಳನ್ನು ಜರ್ಮನಿಯ ಸ್ತ್ರೀರೋಗ ತಜ್ಞ ಆಲ್ಬರ್ಟ್ ಡೋಡರ್ಲೈನ್ 1892ರಲ್ಲಿಯೇ ವಿವರಿಸಿದ್ದರು. ಭಾರತದಲ್ಲಿ ಸರಾಸರಿ 46–47ರ ವಯಸ್ಸಿನಲ್ಲಿ ಮುಟ್ಟು ನಿಲ್ಲುತ್ತದೆ. ಆಗ ಈಸ್ಟ್ರೋಜೆನ್ ಇಳಿದು, ಒಳಪದರ ತೆಳುವಾಗಿ, ಗ್ಲೈಕೋಜೆನ್ ಕಡಿಮೆಯಾಗಿ, ಲ್ಯಾಕ್ಟೋಬ್ಯಾಸಿಲಸ್‌ಗಳು ಹಸಿದು ಹಿಂಜರಿಯುತ್ತವೆ. ಪಿಎಚ್ 5ನ್ನು ದಾಟುತ್ತದೆ, ಅಂದರೆ ಹುಳಿ ಕಡಿಮೆಯಾಗುತ್ತದೆ. ಯೋನಿಯ ಜೊತೆಗೆ ಮೂತ್ರನಾಳದ ತುದಿಯೂ ಈಸ್ಟ್ರೋಜೆನ್ನನ್ನು ನಂಬಿಕೊಂಡ ಅಂಗವಾದುದರಿಂದ ಒಣಗುವಿಕೆಯೂ ಉರಿಮೂತ್ರವೂ ಒಟ್ಟಿಗೆ ಕಾಣಿಸಿಕೊಳ್ಳುತ್ತವೆ. ಈ ಕಾರಣಕ್ಕಾಗಿಯೇ 2014ರಲ್ಲಿ ತಜ್ಞರ ಸಂಘಗಳು ಇವೆಲ್ಲವನ್ನೂ ಸೇರಿಸಿ ಋತುಬಂಧದ ಜನನ-ಮೂತ್ರಾಂಗ ಲಕ್ಷಣಕೂಟ ಎಂಬ ಅರ್ಥದ ಒಂದೇ ಹೆಸರನ್ನು ಕೊಟ್ಟವು. ಮೈ ಬಿಸಿಯಾಗಿ ಬೆವರುವ ತೊಂದರೆ ವರ್ಷಗಳು ಕಳೆದಂತೆ ತಣಿಯುತ್ತದೆ. ಇದು ಹಾಗಲ್ಲ, ಬಿಟ್ಟರೆ ಹೆಚ್ಚುತ್ತಾ ಹೋಗುತ್ತದೆ.

ಆದ್ದರಿಂದ ನಾನು ಎಲ್ಲ ಆಯ್ಕೆಗಳಿಗೂ ಕೇಳುವ ಮೊದಲ ಪ್ರಶ್ನೆ ಒಂದೇ: ಇದು ಹೆಪ್ಪನ್ನು ಕೊಡುತ್ತದೆಯೋ, ಹಾಲನ್ನು ಕೊಡುತ್ತದೆಯೋ? ಪ್ರೊಬಯಾಟಿಕ್ ಕೊಡುವುದು ಹೆಪ್ಪನ್ನು, ಅಂದರೆ ಬ್ಯಾಕ್ಟೀರಿಯಾಗಳನ್ನು. ಈಸ್ಟ್ರೋಜೆನ್ ಕ್ರೀಮು ಕೊಡುವುದು ಹಾಲನ್ನು, ಅಂದರೆ ಅವುಗಳಿಗೆ ಬೇಕಾದ ಆಹಾರವನ್ನು. ಮಾಯಿಶ್ಚರೈಸರ್ ಇವೆರಡನ್ನೂ ಕೊಡುವುದಿಲ್ಲ, ಆದರೆ ಒಣಗಿದ ಪದರಕ್ಕೆ ತೇವವನ್ನು ಕೊಟ್ಟು ನೋವನ್ನು ಕಡಿಮೆ ಮಾಡುತ್ತದೆ. ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಬೇಕು. ಮುಟ್ಟು ನಿಂತ ಮೇಲೆ ಲ್ಯಾಕ್ಟೋಬ್ಯಾಸಿಲಸ್ ಕಡಿಮೆಯಾಗುವುದು ತಾನಾಗಿಯೇ ಒಂದು ಕಾಯಿಲೆಯಲ್ಲ. ಅವು ಕಡಿಮೆ ಇದ್ದೂ ಯಾವ ತೊಂದರೆಯೂ ಇಲ್ಲದ ಮಹಿಳೆಯರು ಬಹಳ ಮಂದಿ ಇದ್ದಾರೆ, ಅವರು ಏನನ್ನೂ ಕೊಳ್ಳಬೇಕಾಗಿಲ್ಲ.

ಕೊಳ್ಳುವ ಮೊದಲು ತೊಂದರೆ ಯಾವುದೆಂದು ಗುರುತಿಸುವುದು

ನಮ್ಮಲ್ಲಿ ಆ ಭಾಗದ ಯಾವ ತೊಂದರೆಗೂ ಬಿಳಿ ಸೆರಗು ಅಥವಾ ಉಷ್ಣ ಎಂಬ ಒಂದೇ ಹೆಸರನ್ನು ಕೊಟ್ಟುಬಿಡುತ್ತೇವೆ. ಆ ಹೆಸರು ಹಿಡಿದು ಔಷಧ ಕೊಂಡರೆ ತಪ್ಪುವ ಸಾಧ್ಯತೆಯೇ ಹೆಚ್ಚು. ಒಣಗಿದ ಭಾವನೆ, ಉಜ್ಜಿದಂತೆ ಉರಿ, ಸೇರುವಾಗ ನೋವು ಇದ್ದು ವಾಸನೆಯಾಗಲಿ ಹೆಚ್ಚಿನ ಸ್ರಾವವಾಗಲಿ ಇಲ್ಲದಿದ್ದರೆ ಅದು ಬಹುತೇಕ ಈಸ್ಟ್ರೋಜೆನ್ ಕೊರತೆಯದೇ ಕೆಲಸ. ಮೀನಿನಂಥ ವಾಸನೆಯ ತೆಳು ಸ್ರಾವವಿದ್ದರೆ ಬ್ಯಾಕ್ಟೀರಿಯಾದ ಸೋಂಕನ್ನು ವೈದ್ಯರು ಪರೀಕ್ಷಿಸಿ ಮೆಟ್ರೋನಿಡಜೋಲ್‌ನಂಥ ಔಷಧ ಕೊಡಬೇಕಾಗುತ್ತದೆ. ಮೊಸರಿನ ಗಂಟಿನಂಥ ಸ್ರಾವದೊಂದಿಗೆ ವಿಪರೀತ ತುರಿಕೆ ಇದ್ದರೆ ಶಿಲೀಂಧ್ರದ ಸೋಂಕಿರಬಹುದು, ಆದರೆ ಹಾರ್ಮೋನು ತೆಗೆದುಕೊಳ್ಳದ ಹಿರಿಯ ಮಹಿಳೆಯರಲ್ಲಿ ಇದು ಅಪರೂಪವಾದುದರಿಂದ ಕಂಡಾಗ ಸಕ್ಕರೆ ಕಾಯಿಲೆ ಇದೆಯೇ ಎಂದು ನೋಡಬೇಕು. ಸಕ್ಕರೆ ಕಾಯಿಲೆಗೆ ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಮಾತ್ರೆ ತೆಗೆದುಕೊಳ್ಳುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಈ ಮಾತ್ರೆಗಳು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವುದರಿಂದ ಆ ಜಾಗದಲ್ಲಿ ಶಿಲೀಂಧ್ರ ಬೆಳೆಯುವ ಸಾಧ್ಯತೆ ಹೆಚ್ಚು. ಇಂಥವರಿಗೆ ಎಷ್ಟು ಪ್ರೊಬಯಾಟಿಕ್ ಕೊಟ್ಟರೂ ತುರಿಕೆ ಮರಳಿ ಬರುತ್ತದೆ, ಮಾತ್ರೆಯ ವಿಚಾರವನ್ನು ವೈದ್ಯರೊಂದಿಗೆ ಮಾತನಾಡಿದರೆ ದಾರಿ ಸಿಗುತ್ತದೆ. ಹೊರಭಾಗದ ಚರ್ಮ ಬಿಳಿಚಿ, ಕಾಗದದಂತೆ ತೆಳುವಾಗಿ, ರಾತ್ರಿಯೆಲ್ಲ ತುರಿಸಿದರೆ ಅದು ಲೈಕೆನ್ ಸ್ಕ್ಲಿರೋಸಸ್ ಎಂಬ ಚರ್ಮರೋಗವಿರಬಹುದು. ಅದಕ್ಕೆ ಬೇಕಾಗುವುದು ಬೇರೆಯೇ ಮುಲಾಮು.

ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಈ ಮಾರ್ಗದರ್ಶಿಯನ್ನು ಪಕ್ಕಕ್ಕಿಟ್ಟು ಸ್ತ್ರೀರೋಗ ತಜ್ಞರನ್ನು ಕಾಣಬೇಕು. ಹಾಗೆ ರಕ್ತ ಕಂಡವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಇರುತ್ತದೆ, ಮತ್ತು ಬೇಗ ಹಿಡಿದರೆ ಅದು ಗುಣವಾಗುವಂಥದ್ದು. ಕಾಫಿ ಕೊಯ್ಲು ಮುಗಿಯಲಿ, ಮಳೆ ನಿಲ್ಲಲಿ ಎಂದು ಮುಂದೂಡುವ ವಿಷಯ ಇದಲ್ಲ.

ನುಂಗುವ ಪ್ರೊಬಯಾಟಿಕ್

ಇದರ ಆಕರ್ಷಣೆ ನನಗೆ ಅರ್ಥವಾಗುತ್ತದೆ. ವೈದ್ಯರಿಗೆ ತೋರಿಸುವ ಮುಜುಗರವಿಲ್ಲ, ಚೀಟಿ ಬೇಕಿಲ್ಲ, ಬೆಳಗ್ಗೆ ತಿಂಡಿಯೊಡನೆ ಒಂದು ಕ್ಯಾಪ್ಸೂಲು ನುಂಗಿದರೆ ಮುಗಿಯಿತು. ನನಗೆ 49ರಲ್ಲಿ ಮುಟ್ಟು ನಿಂತು, ಮುಂದಿನ ವರ್ಷದ ಚಳಿಗಾಲದಲ್ಲಿ ಉರಿ ಶುರುವಾದಾಗ ನಾನೂ ನನ್ನದೇ ಅಂಗಡಿಯ ಕಪಾಟಿನಿಂದ ಡಬ್ಬಿ ತೆಗೆದು ಮೂರು ತಿಂಗಳು ನುಂಗಿದೆ. ಹೊಟ್ಟೆ ಹಗುರವಾಯಿತು, ಉರಿ ಹಾಗೆಯೇ ಇತ್ತು, ಮೂರನೆಯ ತಿಂಗಳಲ್ಲಿ ಎರಡನೆಯ ಬಾರಿ ಉರಿಮೂತ್ರ ಬಂತು. ಔಷಧ ಗೊತ್ತಿರುವ ನಾನೇ ಮೂರು ತಿಂಗಳನ್ನು ಕಳೆದುಕೊಂಡೆನಲ್ಲ ಎಂಬ ನೋವು ಈಗಲೂ ಇದೆ, ಈ ಬರಹಕ್ಕೆ ಅದೂ ಒಂದು ಕಾರಣ.

ಪ್ರೊಬಯಾಟಿಕ್‌ಗೆ ಯಾವ ಆಧಾರವೂ ಇಲ್ಲ ಎಂದರೆ ಅನ್ಯಾಯವಾಗುತ್ತದೆ. 2012ರಲ್ಲಿ ಪ್ರಕಟವಾದ ನೆದರ್‌ಲ್ಯಾಂಡ್ಸ್‌ನ ಒಂದು ಪ್ರಯೋಗದಲ್ಲಿ, ಪದೇ ಪದೇ ಮೂತ್ರದ ಸೋಂಕು ಬರುತ್ತಿದ್ದ, ಮುಟ್ಟು ನಿಂತ 252 ಮಹಿಳೆಯರಲ್ಲಿ ಅರ್ಧ ಜನರಿಗೆ ದಿನವೂ ಸಣ್ಣ ಪ್ರಮಾಣದ ಆ್ಯಂಟಿಬಯಾಟಿಕ್, ಉಳಿದವರಿಗೆ ಜಿಆರ್-1 ಮತ್ತು ಆರ್‌ಸಿ-14 ಎಂಬ ಎರಡು ಲ್ಯಾಕ್ಟೋಬ್ಯಾಸಿಲಸ್ ತಳಿಗಳ ಕ್ಯಾಪ್ಸೂಲನ್ನು ಒಂದು ವರ್ಷ ಕೊಟ್ಟರು. ವರ್ಷದಲ್ಲಿ ಬಂದ ಸೋಂಕು ಆ್ಯಂಟಿಬಯಾಟಿಕ್ ಪಡೆದವರಿಗೆ ಸರಾಸರಿ 2.9 ಸಲ, ಕ್ಯಾಪ್ಸೂಲು ಪಡೆದವರಿಗೆ 3.3 ಸಲ. ಕ್ಯಾಪ್ಸೂಲು ಆ್ಯಂಟಿಬಯಾಟಿಕ್‌ಗೆ ಸಮ ಎಂದು ಸಾಬೀತಾಗಲಿಲ್ಲ, ಆದರೆ ಬಹಳ ಹಿಂದೆಯೂ ಬೀಳಲಿಲ್ಲ. ಆ್ಯಂಟಿಬಯಾಟಿಕ್ ಪಡೆದವರ ದೇಹದಲ್ಲಿ ಒಂದೇ ತಿಂಗಳಿಗೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಹೆಚ್ಚಿದವು, ಕ್ಯಾಪ್ಸೂಲು ಪಡೆದವರಲ್ಲಿ ಹಾಗಾಗಲಿಲ್ಲ. ಇದು ಸಣ್ಣ ಲಾಭವಲ್ಲ. ಆದರೆ ಆ ಪ್ರಯೋಗದಲ್ಲಿ ಏನೂ ಇಲ್ಲದ ಹುಸಿಮಾತ್ರೆಯ ಗುಂಪು ಇರಲಿಲ್ಲ ಎಂಬುದನ್ನು ಮರೆಯಬಾರದು, ಒಣಗುವಿಕೆ ಮತ್ತು ನೋವು ಆ ಪ್ರಯೋಗದ ವಿಷಯವೂ ಆಗಿರಲಿಲ್ಲ. ಪದೇ ಪದೇ ಉರಿಮೂತ್ರ ಬರುವವರು, ಹಾರ್ಮೋನ್ ಕ್ರೀಮು ಬಳಸಲಾಗದಿದ್ದರೆ, ವೈದ್ಯರಿಗೆ ಹೇಳಿ ಇದನ್ನು ಪ್ರಯತ್ನಿಸಬಹುದು. ಒಣಗುವಿಕೆಗೆ ಮಾತ್ರ ಇದನ್ನು ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ.

ಕೊಳ್ಳುವುದಾದರೆ ಡಬ್ಬಿಯನ್ನು ತಿರುಗಿಸಿ ಓದಬೇಕು. ಮುಂದೆ ದಪ್ಪ ಅಕ್ಷರದಲ್ಲಿ ಇಷ್ಟು ಬಿಲಿಯನ್ ಸಿಎಫ್‌ಯು ಎಂದಿರುತ್ತದೆ, ಅಂದರೆ ಬದುಕಿರುವ ಬ್ಯಾಕ್ಟೀರಿಯಾಗಳ ಲೆಕ್ಕ. ಹಿಂದೆ ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ ಆ ಲೆಕ್ಕ ತಯಾರಾದ ದಿನದ್ದೋ, ಅವಧಿ ಮುಗಿಯುವ ದಿನದ್ದೋ ಎಂದಿರುತ್ತದೆ. ನಮಗೆ ಬೇಕಾಗಿರುವುದು ಎರಡನೆಯದು. ತಳಿಯ ಹೆಸರೂ ಇರಬೇಕು. ಅರೇಬಿಕಾ ಕಾಫಿ ಗಿಡ ಬೇಕೆಂದಷ್ಟೇ ಹೇಳಿ ನಾವು ನರ್ಸರಿಯಿಂದ ಸಸಿ ತರುವುದಿಲ್ಲ. ಚಂದ್ರಗಿರಿಯೋ, ಎಸ್ 795 ತಳಿಯೋ ಎಂದು ಕೇಳುತ್ತೇವೆ, ಏಕೆಂದರೆ ಒಂದು ತಳಿಯ ಗುಣ ಇನ್ನೊಂದಕ್ಕಿಲ್ಲ. ಬ್ಯಾಕ್ಟೀರಿಯಾದ ವಿಷಯದಲ್ಲಿಯೂ ಹಾಗೆಯೇ, ಲ್ಯಾಕ್ಟೋಬ್ಯಾಸಿಲಸ್ ಎಂದಷ್ಟೇ ಬರೆದಿರುವ ಡಬ್ಬಿ ಏನನ್ನೂ ಹೇಳಿದಂತಾಗುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2011ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಕುಲ, ಜಾತಿ, ತಳಿ ಮೂರನ್ನೂ, ಅವಧಿಯ ಕೊನೆಯಲ್ಲಿ ಉಳಿಯುವ ಕನಿಷ್ಠ ಸಂಖ್ಯೆಯನ್ನೂ ಬರೆಯಬೇಕು ಎನ್ನುತ್ತದೆ. ಫ್ರಿಜ್ಜಿನಲ್ಲಿಡಬೇಕು ಎಂದು ಬರೆದಿರುವ ಡಬ್ಬಿಯನ್ನು, ಮಳೆಗಾಲದಲ್ಲಿ ಮರ ಬಿದ್ದು ಮೂರು ಮೂರು ದಿನ ಕರೆಂಟು ಹೋಗುವ ಊರಿನಲ್ಲಿರುವವರು ತೆಗೆದುಕೊಳ್ಳದಿರುವುದೇ ಲೇಸು. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಅಂಗಾಂಗ ಕಸಿ ಮಾಡಿಸಿಕೊಂಡವರು, ರೋಗನಿರೋಧಕ ಶಕ್ತಿ ತೀರ ಕುಗ್ಗಿದವರು ವೈದ್ಯರನ್ನು ಕೇಳದೆ ಬದುಕಿರುವ ಬ್ಯಾಕ್ಟೀರಿಯಾಗಳನ್ನು ನುಂಗಬಾರದು; ಅಪರೂಪವಾದರೂ ಅವು ರಕ್ತಕ್ಕೆ ಸೇರಿದ ಉದಾಹರಣೆಗಳಿವೆ.

ಯೋನಿಯೊಳಗೆ ಇಡುವ ಪ್ರೊಬಯಾಟಿಕ್

ಹೆಪ್ಪನ್ನು ಸುತ್ತುದಾರಿಯಲ್ಲಿ ಕಳಿಸದೆ ನೇರವಾಗಿ ಇಡುವುದು ಹೆಚ್ಚು ತರ್ಕಬದ್ಧ. ಇದರ ಪರವಾಗಿ ಎಲ್ಲರೂ ತೋರಿಸುವ ಪ್ರಯೋಗ 2020ರಲ್ಲಿ ಅಮೆರಿಕದಿಂದ ಬಂತು: ಯೋನಿಯ ಬ್ಯಾಕ್ಟೀರಿಯಾ ಸೋಂಕಿಗೆ ಮೊದಲು ಮೆಟ್ರೋನಿಡಜೋಲ್ ಕೊಟ್ಟು, ಆಮೇಲೆ ಲ್ಯಾಕ್ಟೋಬ್ಯಾಸಿಲಸ್ ಕ್ರಿಸ್ಪಾಟಸ್‌ನ ಒಂದು ತಳಿಯನ್ನು ಯೋನಿಯೊಳಗೆ ಇಟ್ಟಾಗ 12 ವಾರಗಳಲ್ಲಿ ಸೋಂಕು ಮರಳಿದ್ದು 30 ಪ್ರತಿಶತ ಮಹಿಳೆಯರಿಗೆ, ಹುಸಿಮದ್ದು ಇಟ್ಟವರಲ್ಲಿ 45 ಪ್ರತಿಶತ. ಒಳ್ಳೆಯ ಫಲಿತಾಂಶವೇ. ಆದರೆ ಅದರಲ್ಲಿದ್ದ 228 ಮಹಿಳೆಯರು 18ರಿಂದ 45ರ ವಯಸ್ಸಿನವರು, ಅಂದರೆ ಪಾತ್ರೆಯಲ್ಲಿ ಹಾಲಿದ್ದವರು. ಆ ಅಂಕಿಗಳನ್ನು ಅರುವತ್ತರ ಅಜ್ಜಿಗೆ ಹೇಳಿ ಬೇರೊಂದು ತಳಿಯ ಡಬ್ಬಿಯನ್ನು ಮಾರುವುದು ಸರಿಯಲ್ಲ. ತೀರ ಕಡಿಮೆ ಪ್ರಮಾಣದ ಎಸ್ಟ್ರಿಯಾಲ್ (ಇದು ಈಸ್ಟ್ರೋಜೆನ್ನಿನ ಒಂದು ಬಗೆ) ಮತ್ತು ಲ್ಯಾಕ್ಟೋಬ್ಯಾಸಿಲಸ್ ಎರಡನ್ನೂ ಸೇರಿಸಿದ ಯೋನಿಮಾತ್ರೆಗಳು ಯುರೋಪಿನಲ್ಲಿ ಬಳಕೆಯಲ್ಲಿವೆ, ಅವು ಹಿರಿಯ ಮಹಿಳೆಯರ ತೊಂದರೆಯನ್ನು ಕಡಿಮೆ ಮಾಡಿವೆ. ಅಲ್ಲಿ ಹೆಪ್ಪಿನ ಜೊತೆಗೆ ಹಾಲೂ ಹೋಗುತ್ತದೆ ಎಂಬುದನ್ನು ಗಮನಿಸಬೇಕು.

ಮೊಸರು, ಕಾಚಂಪುಳಿ, ಎಣ್ಣೆ

ಮೊಸರನ್ನು ಉಣ್ಣಲು ಯಾವ ಅಡ್ಡಿಯೂ ಇಲ್ಲ. ಎಲುಬಿಗೆ ಬೇಕಾದ ಕ್ಯಾಲ್ಸಿಯಂ ಈ ವಯಸ್ಸಿನಲ್ಲಿ ಅದರಿಂದ ಸಿಗುತ್ತದೆ. ಆದರೆ ಮನೆಯ ಮೊಸರಿನ ಬ್ಯಾಕ್ಟೀರಿಯಾಗಳು ಹಾಲಿನಲ್ಲಿ ಬದುಕಲು ಹೊಂದಿಕೊಂಡವು, ಯೋನಿಯಲ್ಲಿ ನೆಲೆಸುವ ಕ್ರಿಸ್ಪಾಟಸ್, ಜೆನ್ಸೆನಿಯೈ, ಗ್ಯಾಸೆರಿ ಎಂಬ ಜಾತಿಗಳಲ್ಲ. ಮೊಸರನ್ನು ಒಳಗೆ ಹಚ್ಚಿಕೊಳ್ಳುವುದು ಬೇಡವೇ ಬೇಡ, ತೆಳುವಾದ ಪದರಕ್ಕೆ ಅಡುಗೆಮನೆಯ ಯಾವ ಯಾವ ಜೀವಿಯನ್ನು ತಲುಪಿಸುತ್ತೇವೆಂದು ನಮಗೆ ತಿಳಿಯದು. ಹುಳಿ ಬೇಕೆಂದಾದರೆ ಒಂದೆರಡು ಹನಿ ಕಾಚಂಪುಳಿ ಬೆರೆಸಿದ ನೀರಿನಲ್ಲಿ ತೊಳೆಯಬಹುದೇ ಎಂದು ಒಬ್ಬ ಹಿರಿಯರು ನನ್ನನ್ನು ಕೇಳಿದ್ದರು. ಹಂದಿಮಾಂಸದ ಸಾರಿಗೆ ಹಾಕುವ ಆ ಕಪ್ಪು ರಸದ ಹುಳಿ ಎಂಥದೆಂದು ಕೈಯಲ್ಲಿ ಗಾಯವಿದ್ದಾಗ ಮುಟ್ಟಿದವರಿಗೆಲ್ಲ ಗೊತ್ತು. ಒಣಗಿ ಬಿರಿದ ಪದರಕ್ಕೆ ಅದು ಇನ್ನೂ ಹೆಚ್ಚಿನ ಸುಡುವಿಕೆಯನ್ನೇ ಕೊಡುತ್ತದೆ. ವಿನೆಗರಿಗೂ ಬೇವಿನ ಕಷಾಯಕ್ಕೂ ಜಾಹೀರಾತಿನ ಪರಿಮಳದ ತೊಳೆಯುವ ದ್ರವಗಳಿಗೂ ಇದೇ ಮಾತು. ಒಳಭಾಗವನ್ನು ತೊಳೆಯಬೇಕಾಗಿಲ್ಲ, ಹೊರಭಾಗಕ್ಕೆ ಬೆಚ್ಚಗಿನ ನೀರು ಸಾಕು, ಸಾಬೂನು ಬೇಡ. ಶುದ್ಧ ತೆಂಗಿನೆಣ್ಣೆಯನ್ನು ಹೊರಚರ್ಮಕ್ಕೆ ಸವರಿಕೊಂಡು ಹಿತವಾಯಿತೆಂದು ಹಲವರು ಹೇಳುತ್ತಾರೆ, ಅದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಲ್ಯಾಟೆಕ್ಸ್ ಕಾಂಡೋಮ್ ಎಣ್ಣೆ ತಾಗಿದರೆ ಹರಿಯುತ್ತದೆ.

ಮಾಯಿಶ್ಚರೈಸರ್ ಮತ್ತು ಲೂಬ್ರಿಕಂಟ್

ಇವೆರಡೂ ಒಂದೇ ಅಲ್ಲ. ಲೂಬ್ರಿಕಂಟ್ ಸೇರುವ ಹೊತ್ತಿಗೆ ಮಾತ್ರ ಜಾರಿಕೆಗಾಗಿ ಹಚ್ಚುವಂಥದ್ದು. ಮಾಯಿಶ್ಚರೈಸರನ್ನು ವಾರಕ್ಕೆ ಎರಡು ಮೂರು ರಾತ್ರಿ, ಸೇರುವ ಮಾತಿಲ್ಲದಿದ್ದರೂ, ಕ್ರಮವಾಗಿ ಹಚ್ಚಬೇಕು. ಗಂಡನಿಲ್ಲದವರಿಗೆ, ಒಂಟಿಯಾಗಿರುವವರಿಗೆ ಇದರ ಅಗತ್ಯವಿಲ್ಲ ಎಂದು ಭಾವಿಸುವುದು ತಪ್ಪು. ನಡೆಯುವಾಗ, ಜೀಪಿನಲ್ಲಿ ಕೂರುವಾಗ, ತೋಟದಲ್ಲಿ ಬಗ್ಗಿ ಕೆಲಸ ಮಾಡುವಾಗ ಉಜ್ಜಿ ಉರಿಯುವುದು ಎಲ್ಲರಿಗೂ ಒಂದೇ. ಹಯಲುರೋನಿಕ್ ಆಮ್ಲವಿರುವ ಜೆಲ್ಲುಗಳು ಚೆನ್ನಾಗಿ ತೇವ ಹಿಡಿಯುತ್ತವೆ. ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್ ತುಂಬ ಹೆಚ್ಚಿರುವ, ಪರಿಮಳದ, ಬಿಸಿ ಭಾವನೆ ಕೊಡುವ ಜೆಲ್ಲುಗಳು ಜೀವಕೋಶದಿಂದಲೇ ನೀರನ್ನು ಎಳೆದುಕೊಂಡು ಉರಿ ಹೆಚ್ಚಿಸುತ್ತವೆ. ಈ ಎಳೆಯುವ ಗುಣವನ್ನು ಅಳೆಯುವ ಆಸ್ಮೊಲಾಲಿಟಿ 1200ನ್ನು ಮೀರಬಾರದು, ಯೋನಿಗೆ ಬಳಸುವುದರ ಪಿಎಚ್ 4.5ರ ಆಸುಪಾಸಿನಲ್ಲಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಸಲಹೆ ನೀಡಿತ್ತು.

ಇದನ್ನು ಕ್ರೀಮಿಗಿಂತ ಕೀಳೆಂದು ತಿಳಿಯಬಾರದು. 2018ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ 302 ಮಹಿಳೆಯರಿಗೆ 12 ವಾರ ಒಂದೋ ಈಸ್ಟ್ರೋಜೆನ್ನಿನ ಯೋನಿಮಾತ್ರೆ, ಇಲ್ಲವೇ ಮಾಯಿಶ್ಚರೈಸರ್, ಇಲ್ಲವೇ ಹುಸಿಮದ್ದಿನ ಜೆಲ್ ಕೊಟ್ಟರು; ಅತಿ ಹೆಚ್ಚು ಕಾಡುವ ತೊಂದರೆ ಮೂರು ಗುಂಪುಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಇಳಿಯಿತು. ಈಸ್ಟ್ರೋಜೆನ್ ಪಡೆದವರಲ್ಲಿ ಲ್ಯಾಕ್ಟೋಬ್ಯಾಸಿಲಸ್‌ಗಳು ಹೆಚ್ಚು ಮರಳಿದವು, ಆದರೂ ಅವರಿಗೆ ಸಿಕ್ಕ ಉಪಶಮನ ಉಳಿದವರಿಗಿಂತ ಹೆಚ್ಚಾಗಿರಲಿಲ್ಲ. ಬ್ಯಾಕ್ಟೀರಿಯಾ ಮರಳುವುದು ಒಂದು, ಉರಿ ಕಡಿಮೆಯಾಗುವುದು ಇನ್ನೊಂದು ಎಂಬುದನ್ನು ಈ ಪ್ರಯೋಗ ನನಗೆ ಕಲಿಸಿತು. ಒಣಗುವಿಕೆ ಮಾತ್ರ ಇರುವವರು, ಅದೂ ಸೌಮ್ಯವಾಗಿದ್ದರೆ, ಮೊದಲ ಮೂರು ತಿಂಗಳು ಮಾಯಿಶ್ಚರೈಸರಿನಿಂದಲೇ ಶುರು ಮಾಡಬಹುದೆಂದು ನಾನು ಧೈರ್ಯವಾಗಿ ಹೇಳುವುದು ಇದರ ಆಧಾರದ ಮೇಲೆ.

ಕಡಿಮೆ ಪ್ರಮಾಣದ ಈಸ್ಟ್ರೋಜೆನ್ ಕ್ರೀಮು

ಉರಿಮೂತ್ರ ಪದೇ ಪದೇ ಬರುವವರಿಗೆ, ಮಾಯಿಶ್ಚರೈಸರಿನಿಂದ ಸಾಲದವರಿಗೆ ನನ್ನ ಮೊದಲ ಆಯ್ಕೆ ಇದು. ಇಸ್ರೇಲಿನಲ್ಲಿ ನಡೆದು 1993ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಮುಟ್ಟು ನಿಂತ, ಮೂತ್ರದ ಸೋಂಕು ಮರಳಿ ಮರಳಿ ಬರುತ್ತಿದ್ದ 93 ಮಹಿಳೆಯರಲ್ಲಿ ಕೆಲವರಿಗೆ ಎಸ್ಟ್ರಿಯಾಲ್ ಕ್ರೀಮನ್ನೂ ಉಳಿದವರಿಗೆ ಹುಸಿ ಕ್ರೀಮನ್ನೂ ಕೊಟ್ಟರು. ವರ್ಷದ ಲೆಕ್ಕದಲ್ಲಿ ಸೋಂಕು ಬಂದದ್ದು ಹುಸಿ ಕ್ರೀಮಿನವರಿಗೆ ತಲಾ 5.9 ಸಲ, ಎಸ್ಟ್ರಿಯಾಲ್‌ನವರಿಗೆ 0.5 ಸಲ. ಒಂದು ತಿಂಗಳಿಗೆ ಮೊದಲು ಲ್ಯಾಕ್ಟೋಬ್ಯಾಸಿಲಸ್ ಇಲ್ಲದಿದ್ದ, ಎಸ್ಟ್ರಿಯಾಲ್ ಪಡೆದ ಮಹಿಳೆಯರ ಪೈಕಿ 61 ಪ್ರತಿಶತ ಮಂದಿಯಲ್ಲಿ ಅವು ತಾವಾಗಿಯೇ ಮರಳಿದ್ದವು, ಪಿಎಚ್ 5.5ರಿಂದ 3.6ಕ್ಕೆ ಇಳಿದಿತ್ತು. ಯಾರೂ ಅವರಿಗೆ ಹೆಪ್ಪನ್ನು ಹಾಕಿರಲಿಲ್ಲ. ಹಾಲು ತುಂಬಿದ ಮೇಲೆ ಎಲ್ಲಿಯೋ ಉಳಿದಿದ್ದ ನಾಲ್ಕು ಬ್ಯಾಕ್ಟೀರಿಯಾಗಳೇ ಹೆಚ್ಚಿಕೊಂಡವು.

ಬಳಸುವ ಕ್ರಮವೂ ಸರಳವಾಗಿದೆ. ಆ ಅಧ್ಯಯನದಲ್ಲಿಯೂ ಇಂದಿನ ರೂಢಿಯಲ್ಲಿಯೂ ಮೊದಲ ಎರಡು ವಾರ ಪ್ರತಿ ರಾತ್ರಿ 0.5 ಮಿಲಿಗ್ರಾಂ ಎಸ್ಟ್ರಿಯಾಲ್, ಆಮೇಲೆ ವಾರಕ್ಕೆ ಎರಡು ರಾತ್ರಿ. ಒಂದು ಗ್ರಾಂ ಕ್ರೀಮಿನಲ್ಲಿ ಒಂದು ಮಿಲಿಗ್ರಾಂ ಔಷಧವಿರುವ 15 ಗ್ರಾಂ ಟ್ಯೂಬಿನಲ್ಲಿ ಇದು ಅರ್ಧ ಗ್ರಾಂ ಕ್ರೀಮು. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಎಳೆದರೆ ಬರುವಷ್ಟು. ಹದಿನಾಲ್ಕು ರಾತ್ರಿಗೆ 7 ಗ್ರಾಂ ಖರ್ಚಾಗಿ, ಉಳಿದ 8 ಗ್ರಾಂ ಮುಂದಿನ ಎಂಟು ವಾರಕ್ಕೆ ಬರುತ್ತದೆ. ಅಂದರೆ ಮೊದಲ ಟ್ಯೂಬು ಹತ್ತು ವಾರ, ಎರಡನೆಯದು ಹದಿನೈದು ವಾರ. ದಿನಕ್ಕೊಂದು ಕ್ಯಾಪ್ಸೂಲಿನಂತೆ ತಿಂಗಳಿಗೊಂದು ಡಬ್ಬಿ ಮುಗಿಯುವ ಪ್ರೊಬಯಾಟಿಕ್‌ನೊಂದಿಗೆ ಈ ಲೆಕ್ಕವನ್ನು ಇಟ್ಟು ನೋಡಿದರೆ ಹಣದ ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ಟ್ಯೂಬಿನ ಜೊತೆ ಬರುವ ಕೊಳವೆ ಚುಚ್ಚುತ್ತದೆ ಎನ್ನುವವರು, ಉಗುರು ಕತ್ತರಿಸಿ ಕೈ ತೊಳೆದುಕೊಂಡು, ಬೆರಳಿನಿಂದಲೇ ಯೋನಿಯ ಬಾಯಿಗೂ ಮೂತ್ರದ್ವಾರದ ಸುತ್ತಲೂ ಸ್ವಲ್ಪ ಒಳಗೂ ಹಚ್ಚಬಹುದು. ಮೊದಲ ಕೆಲವು ರಾತ್ರಿ ಸ್ವಲ್ಪ ಉರಿಯುವುದುಂಟು. ಪದರ ಕಚ್ಚಾ ಆಗಿರುವುದರಿಂದ ಹಾಗಾಗುತ್ತದೆ, ವಾರದಲ್ಲಿ ತಣಿಯುತ್ತದೆ. ಪೂರ್ತಿ ಗುಣ ತಿಳಿಯಲು ಎಂಟರಿಂದ ಹನ್ನೆರಡು ವಾರ ಬೇಕು, ನಿಲ್ಲಿಸಿದರೆ ತೊಂದರೆ ಮರಳುತ್ತದೆ.

ಕ್ಯಾನ್ಸರಿನ ಭಯ ಈ ಟ್ಯೂಬಿನ ಬೆನ್ನಿಗೆ ಅಂಟಿಕೊಂಡೇ ಬರುತ್ತದೆ. ಪೆಟ್ಟಿಗೆಯೊಳಗಿನ ಕಾಗದದಲ್ಲಿ ಬರೆದಿರುವ ಎಚ್ಚರಿಕೆಗಳು ಬಹುಮಟ್ಟಿಗೆ ಬಾಯಿಯಿಂದ ನುಂಗುವ ಹಾರ್ಮೋನ್ ಮಾತ್ರೆಗಳ ಅಧ್ಯಯನಗಳಿಂದ ಬಂದವು. ಯೋನಿಯಲ್ಲಿ ಹಚ್ಚುವ ಕಡಿಮೆ ಪ್ರಮಾಣದಲ್ಲಿ ರಕ್ತಕ್ಕೆ ಸೇರುವುದು ಅತ್ಯಲ್ಪ. ಅಮೆರಿಕದಲ್ಲಿ 45,000ಕ್ಕೂ ಹೆಚ್ಚು ಮಹಿಳೆಯರನ್ನು ಸುಮಾರು ಏಳು ವರ್ಷ ಗಮನಿಸಿ 2018ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಯೋನಿಯ ಈಸ್ಟ್ರೋಜೆನ್ ಬಳಸಿದ, ಗರ್ಭಕೋಶವಿರುವ ಮಹಿಳೆಯರಲ್ಲಿ ಸ್ತನದ ಕ್ಯಾನ್ಸರ್, ಗರ್ಭಕೋಶದ ಕ್ಯಾನ್ಸರ್, ಪಾರ್ಶ್ವವಾಯು ಯಾವುದೂ ಬಳಸದವರಿಗಿಂತ ಹೆಚ್ಚಾಗಿ ಕಂಡುಬರಲಿಲ್ಲ. ಆದರೂ ಸ್ತನದ ಕ್ಯಾನ್ಸರ್ ಬಂದು ಹೋದವರು, ಅದರಲ್ಲಿಯೂ ಈಸ್ಟ್ರೋಜೆನ್ನನ್ನು ತಗ್ಗಿಸುವ ಲೆಟ್ರೋಜೋಲ್, ಅನಾಸ್ಟ್ರೋಜೋಲ್ ಮಾತ್ರೆಯಲ್ಲಿರುವವರು, ಮೊದಲು ಮಾಯಿಶ್ಚರೈಸರ್ ಪ್ರಯತ್ನಿಸಿ, ಸಾಲದಿದ್ದರೆ ತಮ್ಮ ಕ್ಯಾನ್ಸರ್ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಈ ಕ್ರೀಮಿಗೆ ವೈದ್ಯರ ಚೀಟಿ ಬೇಕು, ಚೀಟಿಯಿಲ್ಲದೆ ಕೇಳಿದವರಿಗೆ ನಾನು ಕೊಟ್ಟಿಲ್ಲ. ಪರೀಕ್ಷೆಯಾಗದೆ ಇದನ್ನು ಹಚ್ಚಿದರೆ ಮುಖ್ಯವಾದ ಬೇರೊಂದು ಕಾಯಿಲೆ ಮರೆಯಾಗಿ ಉಳಿಯಬಹುದು.

ಈ ತೊಂದರೆಗೆ ಯೋನಿಯೊಳಗೆ ಮಾಡುವ ಲೇಸರ್ ಚಿಕಿತ್ಸೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ದೊಡ್ಡ ಊರುಗಳ ಜಾಹೀರಾತು ನೋಡಿ ಕೇಳುವವರಿದ್ದಾರೆ. 2021ರ ಒಂದು ಪ್ರಯೋಗದಲ್ಲಿ ಹನ್ನೆರಡು ತಿಂಗಳಾದ ಮೇಲೆ ಲೇಸರ್ ಪಡೆದವರಿಗೂ ಲೇಸರಿನ ನಟನೆ ಮಾತ್ರ ಮಾಡಿಸಿಕೊಂಡವರಿಗೂ ವ್ಯತ್ಯಾಸ ಕಾಣಲಿಲ್ಲ. ಅಷ್ಟು ಹಣವನ್ನು ಅದಕ್ಕೆ ಸುರಿಯಬೇಕಾಗಿಲ್ಲ.

ತೋಟದ ದಿನಚರಿಯೊಳಗೆ ಆಯ್ಕೆ

ನಮ್ಮ ಜಿಲ್ಲೆಯಲ್ಲಿ ಈ ಆಯ್ಕೆ ಔಷಧದಿಂದ ಮಾತ್ರ ನಿರ್ಧಾರವಾಗುವುದಿಲ್ಲ. ಡಿಸೆಂಬರಿನಿಂದ ಮಾರ್ಚಿಯವರೆಗೆ ಕಾಫಿ ಕೊಯ್ಲಿನಲ್ಲಿರುವ ಹೆಂಗಸರು, ತೋಟದಲ್ಲಿ ಶೌಚಾಲಯವಿಲ್ಲವೆಂದು ಬೆಳಗ್ಗೆಯಿಂದ ನೀರನ್ನೇ ಕುಡಿಯದೆ, ಸಂಜೆ ಲೈನ್ ಮನೆಗೆ (ತೋಟದ ಕಾರ್ಮಿಕರ ಸಾಲುಮನೆಗೆ) ಮರಳುವವರೆಗೆ ಮೂತ್ರ ಕಟ್ಟಿಕೊಂಡು ಇರುತ್ತಾರೆ. ಹಾಗಿರುವವರಿಗೆ ಯಾವ ಕ್ಯಾಪ್ಸೂಲೂ ಯಾವ ಕ್ರೀಮೂ ಪೂರ್ತಿ ಕೆಲಸ ಮಾಡಲಾರದು. ತೋಟದ ಮಾಲೀಕರು ಕೆಲಸದ ಜಾಗದ ಹತ್ತಿರ ಒಂದು ಮರೆ ಕಟ್ಟಿಸಿಕೊಟ್ಟರೆ ಅದೇ ಮೊದಲ ಚಿಕಿತ್ಸೆ. ಮಳೆಗಾಲದಲ್ಲಿ ಒಣಗದ ಒಳಬಟ್ಟೆಯನ್ನು ಹಾಗೆಯೇ ಹಾಕಿಕೊಳ್ಳುವ ಬದಲು ಒಲೆಯ ಮೇಲಿನ ಅಟ್ಟಕ್ಕೆ ಹರವಿ ಬೆಚ್ಚಗೆ ಮಾಡಿಕೊಂಡರೆ ತುರಿಕೆಯ ಅರ್ಧ ಕಥೆ ಮುಗಿಯುತ್ತದೆ.

ತಪಾಸಣೆಗೆ ದೂರ ಹೋಗಬೇಕೆಂಬ ಭಯವೂ ಪೂರ್ತಿ ಸರಿಯಲ್ಲ. ಮಡಿಕೇರಿಯ ಜಿಲ್ಲಾ ಆಸ್ಪತ್ರೆ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬೋಧಕ ಆಸ್ಪತ್ರೆಯಾಗಿದೆ, ವಿರಾಜಪೇಟೆ ಮತ್ತು ಸೋಮವಾರಪೇಟೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಒಮ್ಮೆ ತಪಾಸಣೆಯಾಗಿ ಚೀಟಿ ಸಿಕ್ಕರೆ ಟ್ಯೂಬು ಎರಡು ಮೂರು ತಿಂಗಳು ಬರುವುದರಿಂದ ಪದೇ ಪದೇ ಬಸ್ಸು ಹತ್ತಬೇಕಾಗಿಲ್ಲ. ಆಸ್ಪತ್ರೆಯಲ್ಲಿ ಮಾತು ಬಾರದೆ ಬಿಳಿ ಸೆರಗು ಎಂದಷ್ಟೇ ಹೇಳಿ ಬರುವವರಿಗಾಗಿ ನಾನು ಔಷಧ ಕಟ್ಟುವ ಕಾಗದದ ಹಿಂದೆ ಬರೆದುಕೊಡುತ್ತಿದ್ದೆ: ಮುಟ್ಟು ನಿಂತು ಎಷ್ಟು ವರ್ಷ, ಒಣಗಿದಂತಾಗುವುದೋ, ತುರಿಕೆಯೋ, ವಾಸನೆಯೋ, ಕಳೆದ ವರ್ಷ ಎಷ್ಟು ಸಲ ಉರಿಮೂತ್ರ, ರಕ್ತ ಕಂಡಿದೆಯೇ, ಸಕ್ಕರೆ ಕಾಯಿಲೆಗೆ ಯಾವ ಮಾತ್ರೆ, ಸ್ತನದ ಕ್ಯಾನ್ಸರ್ ಇತ್ತೇ. ಒಬ್ಬ ಅಕ್ಕ ಆ ಕಾಗದವನ್ನು ನಾಲ್ಕಾಗಿ ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡು ಹೋದವರು, ವೈದ್ಯರ ಕೈಗೆ ಕೊಟ್ಟು ಏನೂ ಮಾತನಾಡದೆ ಕೂತರಂತೆ. ಸಂಜೆ ಚೀಟಿ ಹಿಡಿದು ನನ್ನ ಬಳಿ ಬಂದರು. ಅದರಲ್ಲಿ ಎಸ್ಟ್ರಿಯಾಲ್ ಕ್ರೀಮಿತ್ತು, ಪ್ರೊಬಯಾಟಿಕ್ ಇರಲಿಲ್ಲ. ಹತ್ತು ವಾರ ಕಳೆದು ಎರಡನೆಯ ಟ್ಯೂಬಿಗೆ ಬಂದಾಗ ಅವರು ಅಂಗಡಿ ಖಾಲಿಯಾಗಲೆಂದು ಕಾಯಲಿಲ್ಲ.